ಬೇರಿಲ್ಲದ ಗೋಡೆ

ಏಣಿಯ ತುದಿಯಲ್ಲಿ ನಿಂತು ಹಿರಿಸೊಸೆ ಕಲ್ಲಿನ ಸಂದಿಗೆ ಬೆರಳು ತೂರಿಸಿದಳು. ಆಲದ ಸಸಿ ಬೇರು ಸಮೇತ ಕಿತ್ತು ಬಂತು. ಕಳೆದ ವಾರವೂ ಇದೇ ಗೋಡೆಯಲ್ಲಿ ಒಂದು ಸಿಕ್ಕಿತ್ತು, ಅದರ ಹಿಂದಿನ ವಾರ ಮತ್ತೊಂದು. ಯಾರ ಕಣ್ಣಿಗೂ ಬೀಳದಂತೆ ಅಂಗೈಯಲ್ಲಿ ಮುಚ್ಚಿಕೊಂಡು ಇಳಿದಳು.

ಕೆಳಗೆ ಬಂದು ಬೇರನ್ನು ತಿರುಗಿಸಿ ನೋಡಿದಳು. ಹಕ್ಕಿಯ ಹಿಕ್ಕೆಯಿಂದ ಹುಟ್ಟಿದ ಗಿಡವಾದರೆ ಬೇರು ಸಂದಿ ಹುಡುಕಿಕೊಂಡು ಅಡ್ಡಾದಿಡ್ಡಿ ಹರಿದಿರುತ್ತದೆ. ಇದರದು ಸಣ್ಣ ಲೋಟದ ಆಕಾರದಲ್ಲಿ ದುಂಡಗೆ ತೆಂಗಿನ ನಾರಿನ ಪುಡಿಯನ್ನು ಅಪ್ಪಿಕೊಂಡಿತ್ತು. ಟ್ರೇಯಲ್ಲಿ ಬೆಳೆದ ಸಸಿ. ಅದೂ ತಮ್ಮದೇ ನರ್ಸರಿಯ ಟ್ರೇ. ತಾನಾಗಿ ಹುಟ್ಟಿದ್ದಲ್ಲ, ಯಾರೋ ನೆಟ್ಟಿದ್ದಾರೆ. ಮನೆಯವರೇ.

ನರ್ಸರಿ ಇದ್ದದ್ದು ಹಳೆಯ ಕುದುರೆ ಲಾಯದಲ್ಲಿ. ಸುತ್ತಲೂ ಉಗ್ರಾಣ, ಕಾವಲು ಮನೆ, ಗಾಡಿಖಾನೆ. ಹಳೇ ಕಟ್ಟಡಗಳ ಇಲಾಖೆ ಒಂದೊಂದಕ್ಕೇ ಗಾರೆ ಹಚ್ಚಿ, ತೊಲೆ ಬದಲಿಸಿ, ಮದುಮಗಳಂತೆ ಸಿಂಗರಿಸುತ್ತ ಬಂದಿತ್ತು. ಬಾಕಿ ಉಳಿದದ್ದು ಲಾಯವೊಂದೇ, ಅದಕ್ಕೂ ಗಾರೆಯ ಕೆಲಸ ನಡೆದಿತ್ತು. ಮಾವ ಇದನ್ನು ಬಾಡಿಗೆಗೆ ಹಿಡಿದಾಗ ಮೇಲೆ ಚಾವಣಿಯೂ ಇರಲಿಲ್ಲ. ಈಗ ಕುದುರೆಗಳು ಮೇವು ತಿನ್ನುತ್ತಿದ್ದ ತೊಟ್ಟಿಗಳಲ್ಲಿ ಗುಲಾಬಿ, ಕಟ್ಟುಗೂಟಗಳ ಮೇಲೆ ಬಳ್ಳಿ. ಎರಡು ಸಂಸಾರಗಳ ಅನ್ನ ಈ ಅಂಗಳದಲ್ಲೇ ಹುಟ್ಟುತ್ತಿತ್ತು.

ಮೊದಲು ಕಾವಲು ಮನೆಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುವವನೊಬ್ಬನಿದ್ದ. ಅವನ ಗೋಡೆಯಲ್ಲಿ ಬೇರು ಕಾಣಿಸಿತು. ಇಲಾಖೆಯವರು ಬಂದರು, ಬೇರು ಕಿತ್ತರು, ಗೋಡೆ ಸರಿಮಾಡಿದರು, ಅವನನ್ನು ಖಾಲಿ ಮಾಡಿಸಿದರು. ಈಗ ಅಲ್ಲಿ ಕಾಫಿ ಹೋಟೆಲು. ಬೇರು ಕಂಡಿತೆಂದರೆ ಗಂಟುಮೂಟೆ ಕಟ್ಟಬೇಕು ಎಂದು ಹಿರಿಸೊಸೆ ಅಂದೇ ಮನಸ್ಸಿನಲ್ಲಿ ಬರೆದುಕೊಂಡಿದ್ದಳು. ಅದೂ ಗಿಡ ಮಾರುವವರ ಗೋಡೆಯಲ್ಲಿ ಸಿಕ್ಕರೆ ಕೇಳಬೇಕೆ!

ಮೊದಲ ಅನುಮಾನ ಓರಗಿತ್ತಿಯ ಮೇಲೆ. ಲಾಯದ ಹಿಂದಿನ ಕೋಣೆಗಳ ಥಂಡಿ ಅವಳಿಗೆ ಆಗದು. ಹೊಸ ಬಡಾವಣೆಯಲ್ಲಿ ಮನೆ ಮಾಡೋಣ ಎಂದು ಹಗಲೂ ರಾತ್ರಿ ಗಂಡನ ತಲೆ ತಿನ್ನುತ್ತಿದ್ದಳು.

"ಏನೇ, ಗೋಡೆ ಹತ್ತಿ ಸಸಿ ನೆಡೋ ಚಟ ಯಾವಾಗಿನಿಂದ?"

ಓರಗಿತ್ತಿ ಕಣ್ಣು ಕಣ್ಣು ಬಿಟ್ಟಳು. "ಅಕ್ಕಾ, ಕುಂಡದ ಗಿಡಕ್ಕೆ ನೀರು ಹಾಕೋಕೂ ಇವಳಿಗೆ ಸೋಮಾರಿತನ ಅಂತ ಊರಿಗೆಲ್ಲ ಸಾರಿದೋರು ನೀವೇ. ಅಂಥವಳು ಗೋಡೆ ಹತ್ತುತ್ತೀನಾ?"

ಮಾತು ನಿಜವೇ. ಆದರೂ ಉತ್ತರ ಅಷ್ಟು ಬೇಗ ಬಂದದ್ದು ಹಿರಿಸೊಸೆಗೆ ಹಿಡಿಸಲಿಲ್ಲ. ಗಂಡನ ಕೈ ನೋಡಿದಳು, ಮೈದುನನ ಕೈ ನೋಡಿದಳು, ಮಾವನನ್ನೂ ಬಿಡಲಿಲ್ಲ. ಊಟಕ್ಕೆ ಕೂತವರ ಉಗುರಿನಲ್ಲೆಲ್ಲ ಮಣ್ಣು. ನರ್ಸರಿಯ ಮನೆಯಲ್ಲಿ ಉಗುರು ನೋಡಿ ಕಳ್ಳನನ್ನು ಹಿಡಿಯುವುದುಂಟೆ! ಅವಳು ಅರ್ಧಕ್ಕೇ ಎದ್ದು ಕೈ ತೊಳೆದಳು. ಗಂಡನ ಮಗ್ಗುಲಲ್ಲೇ ಮಲಗಿ ಗಂಡನನ್ನೇ ಅನುಮಾನಿಸುವಂತಾಯಿತಲ್ಲ ಎಂದು ಅಳುವೂ ಬಂತು.

ಇದು ಸಾಲದೆಂಬಂತೆ ಇಲಾಖೆಯ ಎಂಜಿನಿಯರು. ಅವನಿಗೆ ಗೋಡೆ ಸಾಹೇಬ ಎಂದು ಹೆಸರಿಟ್ಟವಳು ಅವಳೇ. ಪಕ್ಕದ ಗಾಡಿಖಾನೆಯಲ್ಲೇ ಅವನ ಕಚೇರಿ. ವಾರಕ್ಕೊಮ್ಮೆ ಬಂದು ಗೋಡೆಯನ್ನು ಕೆಳಗಿನಿಂದಲೇ ತಲೆಯೆತ್ತಿ ನೋಡುವನು. ಏಣಿ ಹತ್ತುವ ಗಂಡಲ್ಲ. ಒಮ್ಮೆ ಮೂರನೆಯ ಮೆಟ್ಟಿಲಿಗೇ ಬೆವತು, ಮೇಸ್ತ್ರಿಯ ಹೆಗಲು ಹಿಡಿದು ಇಳಿದಿದ್ದ. ಬೋನ್ಸಾಯ್ ಹುಚ್ಚು ಬೇರೆ. ಹೋಗುವಾಗ ಒಂದೆರಡು ಸಸಿ ಕೊಳ್ಳದೆ ಹೋಗುತ್ತಿರಲಿಲ್ಲ.

"ಮೇಲೆ ಗಿಡ ಏನಾದ್ರೂ ಬಂದಿದೆಯಾ ಅಮ್ಮಾ?"

"ಎಲ್ಲಿ ಸಾರ್, ಒಂದೂ ಇಲ್ಲ."

ಅವನ ಮುಖ ಸಪ್ಪಗಾಯಿತು. ಬೇಟೆ ತಪ್ಪಿತಲ್ಲ ಎಂಬ ಸಂಕಟ ಎಂದುಕೊಂಡು ಅವಳು ಒಳಗೊಳಗೇ ಹಿಗ್ಗಿದಳು.

"ನನ್ನ ಕೈಗುಣವೇ ಸರಿಯಿಲ್ಲ ಬಿಡಿ. ನಿಮ್ಮಲ್ಲಿ ತಗೊಂಡ ಸಸಿ ಒಂದೂ ನಿಲ್ತಾ ಇಲ್ಲ."

"ಅದಕ್ಕೇನು ಸಾರ್, ಇನ್ನೆರಡು ತಗೊಂಡು ಹೋಗಿ."

ಚೆನ್ನಾಗಿ ಬೇರು ಬಿಟ್ಟವನ್ನೇ ಆರಿಸಿ, ದುಡ್ಡು ಬೇಡವೆಂದು ಕೊಟ್ಟಳು. ಅಧಿಕಾರಿಯ ಕೈ ಬೆಚ್ಚಗಿದ್ದಷ್ಟೂ ಒಳ್ಳೆಯದು. ಅವನು ಬಾಗಿಲಲ್ಲಿ ನಿಂತು ತಿರುಗಿದ.

"ನಾಡಿದ್ದು ದೊಡ್ಡ ಸಾಹೇಬರು ಬರ್ತಾರೆ. ಅವರು ಏಣಿ ಹತ್ತಿಯೇ ನೋಡೋದು. ಗೋಡೆ ಕಡೆ ಯಾರೂ ಹೋಗಬೇಡಿ."

ಎಷ್ಟು ಧೈರ್ಯ! ನಮ್ಮ ಗೋಡೆಯ ಹತ್ತಿರ ನಾವೇ ಹೋಗಬಾರದೆ?

ಆ ದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಏಣಿಯ ಮೇಲಿದ್ದಳು. ಅವಳು ಹೆದರಿದ್ದೇ ಆಗಿತ್ತು. ಎರಡು ಸಸಿ, ಅದೂ ಎಲ್ಲಕ್ಕಿಂತ ಮೇಲೆ, ಬುಡಕ್ಕೆ ಗಾರೆ ಮೆತ್ತಿ ಭದ್ರ ಮಾಡಿದ್ದವು. ಕಸಿ ಕಟ್ಟುವ ಚಾಕುವಿನಿಂದ ಕೆರೆದಳು. ಬೆರಳ ಗೆಣ್ಣು ಸುಲಿದು ರಕ್ತ ಬಂತು. ಒಂದೆಳೆ ಬೇರನ್ನೂ ಉಳಿಸಲಿಲ್ಲ.

ದೊಡ್ಡ ಸಾಹೇಬರು ಏಣಿ ಹತ್ತಿದರು. ಕೆಳಗೆ ಇಡೀ ಮನೆ ತಲೆಯೆತ್ತಿ ನಿಂತಿತ್ತು. ಗೋಡೆ ಸಾಹೇಬನಂತೂ ಕಾಗದದ ಹಾಗೆ ಬಿಳಿಚಿಕೊಂಡಿದ್ದ. ಸಿಕ್ಕಿಬಿದ್ದವನಂತಿದ್ದಾನೆ, ಇವನಿಗೇನು ಕೇಡು ಎಂದುಕೊಂಡಳು.

"ಭೇಷ್!" ದೊಡ್ಡ ಸಾಹೇಬರು ಕೈ ಕೊಡವಿಕೊಂಡು ಇಳಿದರು. "ಒಂದೆಳೆ ಬೇರೂ ಇಲ್ಲ."

ಹಿರಿಸೊಸೆ ಓರಗಿತ್ತಿಯ ಕಡೆ ಗೆದ್ದವಳಂತೆ ನೋಡಿದಳು.

"ಹಾಗಾದ್ರೆ ಲಾಯದ ಕೆಲಸವೂ ಮುಗೀತು. ಇದನ್ನ ಹೋಟೆಲಿನವರಿಗೆ ಒಪ್ಪಿಸಬೇಕು. ತಿಂಗಳೊಳಗೆ ಅಂಗಳ ಖಾಲಿ ಮಾಡಿಕೊಡಿ, ಯಜಮಾನರೇ."

ಅವರ ಕಾರು ಹೊರಟುಹೋಯಿತು. ಮಾವ ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತರು. ಹಿರಿಸೊಸೆ ಓಡಿಹೋಗಿ ಗೋಡೆ ಸಾಹೇಬನಿಗೆ ಅಡ್ಡ ನಿಂತಳು.

"ಇದ್ಯಾವ ನ್ಯಾಯ ಸಾರ್? ವಾರವಾರ ಪ್ರಾಣ ಕೈಯಲ್ಲಿ ಹಿಡ್ಕೊಂಡು ಹತ್ತಿ, ಒಂದೊಂದೇ ಸಸಿ ಕಿತ್ತು, ಈ ಗೋಡೆ ಕಾಪಾಡಿದೋಳು ನಾನು!"

ಅವನು ಅವಳ ಸುಲಿದ ಬೆರಳುಗಳನ್ನೇ ನೋಡುತ್ತ ನಿಂತ.

"ಬೇರಿರೋವರೆಗೂ ಕೆಲಸ ಮುಗೀತು ಅಂತ ಬರೆಯೋ ಹಾಗಿರಲಿಲ್ಲಮ್ಮಾ, ನಿಮ್ಮನ್ನ ಎಬ್ಬಿಸೋ ಹಾಗೂ ಇರಲಿಲ್ಲ, ಅದಕ್ಕೇ ಅಷ್ಟು ಹೆದರಿಕೆಯಲ್ಲೂ ಕಣ್ಣು ಮುಚ್ಚಿಕೊಂಡು ಏಣಿ ಹತ್ತಿ ನೆಡ್ತಿದ್ದೆ."