ಚಿನ್ನಯ್ಯನ ಶಿಷ್ಯೆ

"ಈ ಕಡೆ ಬನ್ನಿ, ಬೇಗ. ಓಡಿಸಿದ್ದು ನಾನು. ಯಾರು ಕೇಳಿದರೂ ಹಾಗೆಯೇ ಹೇಳಬೇಕು."

ಚಿನ್ನಯ್ಯ ಸೇಸಮ್ಮನ ಬೆರಳುಗಳನ್ನು ಸ್ಟೇರಿಂಗಿನಿಂದ ಒಂದೊಂದಾಗಿ ಬಿಡಿಸಿದ. ಮೋಟಾರಿನ ಮುಂದೆ, ಗದ್ದೆಯ ಬದುವಿಗೆ ಒರಗಿದಂತೆ, ಅವಳ ಸೋದರಮಾವ ಸುಬ್ಬಪ್ಪ ಹೆಗ್ಡೆ ಬಿದ್ದಿದ್ದರು. ಅವರ ಕೊಡೆ ಆಚೆ ನೀರಿನಲ್ಲಿ ತೇಲುತ್ತಿತ್ತು. ಚಿನ್ನಯ್ಯ ಮೂಗಿನ ಬಳಿ ಕೈ ಹಿಡಿದು ನೋಡಿದ್ದ. ಉಸಿರಿರಲಿಲ್ಲ.

"ನಾನು ಬ್ರೇಕ್ ಎಂದೇ ಒತ್ತಿದೆ, ಚಿನ್ನಯ್ಯ."

"ಗೊತ್ತುಂಟು. ಕಾಲು ತಪ್ಪಿತು. ಕಲಿಯುವವರಿಗೆ ಆಗ್ತದೆ."

೧೯೩೨ರ ಫೆಬ್ರವರಿ. ಬೆಳಗ್ಗೆ ಎಂಟು ಗಂಟೆ. ಬೆಳುವಾಯಿಯ ಆ ಗದ್ದೆ ದಾರಿಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ಹೆಗ್ಡೆಯವರ ಸೋದರಸೊಸೆ ಮೋಟಾರು ಓಡಿಸಬಲ್ಲಳು ಎಂಬ ಸಂಶಯವೂ ಊರಿನಲ್ಲಿ ಯಾರಿಗೂ ಇರಲಿಲ್ಲ.

ಸೇಸಮ್ಮ ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದು ವರ್ಷವಾಗಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕುಳಿತಿರಲಾರೆ ಎಂದು ಹಟ ಹಿಡಿದು ಮೂಡುಬಿದಿರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದಳು. ಹೆಗ್ಡೆಯವರು ಒಂದೇ ಒಂದು ಷರತ್ತು ಹಾಕಿದ್ದರು: ಸರ್ವೀಸ್ ಬಸ್ಸಿನಲ್ಲಿ ಗಂಡಸರ ನಡುವೆ ಹೋಗಕೂಡದು, ಮನೆಯ ಮೋಟಾರಿನಲ್ಲೇ ಹೋಗಬೇಕು. ಮೋಟಾರಿನ ಡ್ರೈವರು ಚಿನ್ನಯ್ಯ. ನರಿಕೊಂಬಿನವನು. ಇಪ್ಪತ್ತಾರರ ಪ್ರಾಯ, ತಾಯಿಗೆ ಒಬ್ಬನೇ ಮಗ.

ನವೆಂಬರಿನ ಒಂದು ಬೆಳಗ್ಗೆ, ನಿರ್ಜನ ರಸ್ತೆಯಲ್ಲಿ ಅವಳು ಮೋಟಾರು ನಿಲ್ಲಿಸಲು ಹೇಳಿದಳು.

"ನನಗೂ ಕಲಿಸ್ತೀರಾ? ಇದನ್ನು ಮುಟ್ಟಿಯೂ ಗೊತ್ತಿಲ್ಲ ನನಗೆ."

ಆ ಮನೆಯಲ್ಲಿ ಚಿನ್ನಯ್ಯನನ್ನು 'ನೀವು' ಎಂದವರು ಅದುವರೆಗೆ ಯಾರೂ ಇರಲಿಲ್ಲ. ಬೇಡವೆನ್ನಲು ಅವನಿಗೆ ಬಾಯಿಯೇ ಬರಲಿಲ್ಲ. ಗೇರಿನ ಮೇಲೆ ಅವಳ ಕೈ, ಅದರ ಮೇಲೆ ಅವನ ಕೈ. ವಾರ ಕಳೆಯುವುದರೊಳಗೆ ಅವಳ ಗೇರು ಕರಕರ ಎನ್ನುವುದು ನಿಂತಿತು.

"ಎಷ್ಟು ಬೇಗ ಕಲಿತಿರಿ!" ಎಂದು ಅವನು ಹೆಮ್ಮೆಯಿಂದ ಹೇಳಿದ.

"ಗುರು ಒಳ್ಳೆಯವರು," ಎಂದು ಅವಳು ನಕ್ಕಳು.

ಒಮ್ಮೆ ಕರುವೊಂದು ಅಡ್ಡ ಬಂತು. ಒಂದು ಗೇಣು ಉಳಿದಿರುವಾಗ ಮೋಟಾರು ನಿಂತಿತು. ಅವಳು ಅವನ ಕಡೆ ತಿರುಗಿದಳು.

"ಇದೇ ಮನುಷ್ಯನಾಗಿದ್ದರೆ? ಓಡಿಸಿದವರಿಗೆ ನೇಣಾ?"

"ಛೆ, ಇಲ್ಲ. ಬೇಕೆಂದು ಮಾಡದಿದ್ದರೆ ಹೆಚ್ಚೆಂದರೆ ಎರಡು ವರ್ಷ ಜೈಲು. ಹೆದರಬೇಡಿ, ನಾನಿಲ್ಲವಾ ಪಕ್ಕದಲ್ಲಿ?"

ಅವಳು ಅವನ ಭುಜಕ್ಕೆ ತಲೆಯಿಟ್ಟದ್ದು ಅದೇ ಮೊದಲು. ಅಂದಿನಿಂದ ಅವಳ ಬುತ್ತಿಯನ್ನು ಇಬ್ಬರೂ ಒಂದೇ ಎಲೆಯಲ್ಲಿ ತಿನ್ನತೊಡಗಿದರು.

ಜನವರಿಯಲ್ಲಿ ಹೆಗ್ಡೆಯವರು ಅವಳ ಮದುವೆ ನಿಶ್ಚಯಿಸಿದರು. ಗಂಡು ಬೆಳ್ತಂಗಡಿಯ ಜಮೀನುದಾರ, ಹೆಂಡತಿ ಸತ್ತವನು, ವಯಸ್ಸು ನಲವತ್ತೈದು ದಾಟಿತ್ತು. ಶಾಲೆ ಇನ್ನೊಂದು ತಿಂಗಳು ಮಾತ್ರ ಎಂದರು. ಸೇಸಮ್ಮ ಮೋಟಾರಿನಲ್ಲಿ ಕುಳಿತು ಅತ್ತಳು. "ನಾವಿಬ್ಬರೂ ಓಡಿಹೋಗುವ," ಎಂದ ಚಿನ್ನಯ್ಯ. ಅವಳು ಬೇಡವೆಂದಳು. ಓಡಿಹೋದವಳಿಗೆ ಮನೆಯೂ ಇಲ್ಲ, ಶಾಲೆಯೂ ಇಲ್ಲ.

ಆ ಫೆಬ್ರವರಿಯ ಬೆಳಗ್ಗೆ ಮನೆಯಿಂದ ಹೊರಟು ನೂರು ಗಜ ಹೋಗಿರಲಿಲ್ಲ, ಅವಳು ಸ್ಟೇರಿಂಗ್ ಕೇಳಿದಳು.

"ಇಲ್ಲಿ ಬೇಡ. ಹೆಗ್ಡೆಯವರು ಗದ್ದೆಗೆ ಬರುವ ಹೊತ್ತು."

"ಮಾವ ಬಂಟ್ವಾಳಕ್ಕೆ ಹೋಗಿದ್ದಾರೆ. ಇನ್ನೆಷ್ಟು ದಿನ ಉಂಟು ಚಿನ್ನಯ್ಯ, ನಮಗೆ?"

ಅವನು ಸೀಟು ಬಿಟ್ಟುಕೊಟ್ಟ. ತಿರುವಿನಲ್ಲಿ ಹೆಗ್ಡೆಯವರು ಎದುರಾದರು. "ಬ್ರೇಕ್!" ಎಂದು ಚಿನ್ನಯ್ಯ ಕೂಗಿದ. ಮೋಟಾರು ಮುಂದಕ್ಕೆ ನೆಗೆಯಿತು.

ಮಂಗಳೂರಿನ ಕೋರ್ಟಿನಲ್ಲಿ ಸೇಸಮ್ಮ ಸಾಕ್ಷಿ ಹೇಳಿದಳು. ಓಡಿಸುತ್ತಿದ್ದುದು ಡ್ರೈವರು, ತಾನು ಹಿಂದಿನ ಸೀಟಿನಲ್ಲಿದ್ದೆ ಎಂದಳು. ಹಾಗೆ ಹೇಳಬೇಕೆಂದು ಕಲಿಸಿದವನೇ ಅವನು. ಆದರೂ ಅವಳು ಒಂದು ಸಲವೂ ತಡವರಿಸದೆ ಹೇಳಿದಾಗ ಅವನು ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದ. ಎರಡು ವರ್ಷ ಶಿಕ್ಷೆಯಾಯಿತು. ಕರೆದೊಯ್ಯುವಾಗ ಅವಳು ಹತ್ತಿರ ಬಂದು ಪಿಸುಗುಟ್ಟಿದಳು: "ಬಿಡುಗಡೆಯಾದಾಗ ನಾನೇ ಬಂದು ಕರೆದುಕೊಂಡು ಹೋಗ್ತೇನೆ."

ಕಣ್ಣಾನೂರಿನ ಜೈಲಿನಲ್ಲಿ ಅವನು ಹಗ್ಗ ಹೊಸೆದ. ಅಂಗೈಯ ಸಿಪ್ಪೆ ಸುಲಿಯಿತು. ಮೊದಲ ಮಳೆಗಾಲದಲ್ಲೇ ನರಿಕೊಂಬಿನಲ್ಲಿ ತಾಯಿ ತೀರಿಕೊಂಡಳು. ಮಗನನ್ನು ಕೊಲೆಗಾರನೆಂದು ಕರೆಯುವ ಊರಿನಲ್ಲಿ, ಅದು ಸುಳ್ಳೆಂದು ತಿಳಿಯದೆಯೇ ಸತ್ತಳು. ಸುದ್ದಿ ಅವನಿಗೆ ಮುಟ್ಟುವಾಗ ಹದಿನೈದು ದಿನ ಕಳೆದಿತ್ತು. ಅಂದು ರಾತ್ರಿ ಅವನು ಸೇಸಮ್ಮನ ಹೆಸರು ಹೇಳಿಕೊಂಡು ದುಃಖ ನುಂಗಿದ.

ಮರುದಿನದಿಂದ, ಚಳವಳಿ ಮಾಡಿ ಜೈಲು ಸೇರಿದ್ದ ಮೇಷ್ಟರೊಬ್ಬರ ಹತ್ತಿರ ಇಂಗ್ಲಿಷ್ ಅಕ್ಷರ ಕಲಿಯತೊಡಗಿದ. ಬಿ.ಎ. ಓದಿದವಳ ಪಕ್ಕದಲ್ಲಿ ಕೂರುವವನಿಗೆ ಅಷ್ಟಾದರೂ ಬೇಡವೇ? ಅವಳಿಗೆ ಇದನ್ನು ತಿಳಿಸಲಿಲ್ಲ. ಎದುರಿಗೇ ಓದಿ ತೋರಿಸಿ ಬೆರಗುಗೊಳಿಸಬೇಕೆಂದಿದ್ದ.

೧೯೩೪ರಲ್ಲಿ ಅವನು ನರಿಕೊಂಬಿಗೆ ಮರಳಿದ ಮೂರನೆಯ ದಿನ ಸೇಸಮ್ಮ ಕೊಟ್ಟ ಮಾತಿನಂತೆ ಬಂದಳು. ಹೆಂಗಸು ಮೋಟಾರು ಓಡಿಸುವುದನ್ನು ನೋಡಲು ಊರೇ ಸೇರಿತು. ಅವಳೀಗ ಶಾಲೆಯ ಹೆಡ್‌ಮಿಸ್ಟ್ರೆಸ್. ಬೆಳ್ತಂಗಡಿಯ ಸಂಬಂಧ ಮಾವನ ಜೊತೆಗೇ ಮುಗಿದಿತ್ತು.

"ಮನೆಯಲ್ಲಿ ಬೇಡ ಎನ್ನುವವರು ಈಗ ಯಾರೂ ಇಲ್ಲ, ಚಿನ್ನಯ್ಯ," ಎಂದಳು. "ಹತ್ತಿ."

ಅವನು ಪಕ್ಕದಲ್ಲಿ ಕುಳಿತ. ಎರಡು ವರ್ಷದ ಜೈಲು, ತಾಯಿಯ ಸಾವು, ಎಲ್ಲಕ್ಕೂ ಅರ್ಥವಿತ್ತು ಎಂದು ಅವನಿಗೆ ಆ ಕ್ಷಣ ಅನ್ನಿಸಿತು. ಪಾಣೆಮಂಗಳೂರಿನ ಸೇತುವೆಯ ಬಳಿ ಪೊಲೀಸಿನವನು ಕೈ ಅಡ್ಡ ಹಿಡಿದ.

"ಲೈಸನ್ಸ್ ಉಂಟಾ, ಅಮ್ಮ?"

ಸೇಸಮ್ಮ ಚೀಲದಿಂದ ಪುಟ್ಟ ಪುಸ್ತಕವೊಂದನ್ನು ತೆಗೆದು ಚಿನ್ನಯ್ಯನ ಕೈಗಿತ್ತಳು. "ಅವರಿಗೆ ಕೊಡಿ."

ಅವನು ಕೊಡಲಿಲ್ಲ. ಬೆರಗುಗೊಳಿಸುವ ಗಳಿಗೆ ಬಂದಿತ್ತು. ಪುಸ್ತಕ ಬಿಡಿಸಿ, ಇಂಗ್ಲಿಷಿನಲ್ಲಿದ್ದ ಅವಳ ಹೆಸರನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಸೇಸಮ್ಮ ತಟ್ಟನೆ ತಿರುಗಿ ನೋಡಿದಳು. ಅವಳ ಕೈ ಪುಸ್ತಕದತ್ತ ಚಾಚಿತು. ಅಷ್ಟರಲ್ಲಿ ಅವನ ಬೆರಳು ಕೆಳಗಿನ ಸಾಲಿಗೆ ಇಳಿದಿತ್ತು.

ಲೈಸನ್ಸ್ ಕೊಟ್ಟದ್ದು ಮದ್ರಾಸಿನಲ್ಲಿ, ೧೯೩೦ರ ಜೂನ್ ಹನ್ನೆರಡರಂದು. ಚಿನ್ನಯ್ಯ ಅವಳ ಕೈ ಹಿಡಿದು ಗೇರು ಹಾಕಲು ಕಲಿಸುವುದಕ್ಕೆ ಸುಮಾರು ಒಂದೂವರೆ ವರ್ಷ ಮೊದಲು.