ಬಂಡೆರಾಣಿಗೆ ಒಂದು ಎಡೆ

“ಒಂದೇ ಮಾತು ಹೇಳ್ಬುಡಿ ಮೇಡಂ. ಬಂಡೆರಾಣಿ ನಿಜವಾಗ್ಲೂ ಸತ್ತವ್ಳಾ, ಇಲ್ಲಾ ಒಂಬತ್ತನೇ ಭಾಗದಾಗೆ ಎದ್ದು ಬತ್ತಾಳಾ?”

ಬಾಗಿಲು ತೆಗೆದ ಲೋಹಿತಾಳ ಕೈಗೆ ಇನ್ನೂ ರಾಗಿ ಹಿಟ್ಟು ಮೆತ್ತಿತ್ತು. ಹೊಸಿಲಾಚೆ ಅರವತ್ತರ ಆಸುಪಾಸಿನ ಹೆಂಗಸು, ಕಂಕುಳಲ್ಲಿ ಚೀಲ. ತಾನು ಗೌಡಗೆರೆಯ ಕರಿಬಸಮ್ಮ, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು, ಮೇಡಂ ಬರೆದ ಬಂಡೆರಾಣಿ ಕಾದಂಬರಿಯ ಎಂಟೂ ಭಾಗ ಓದಿದವಳು, ಸಿರಾದಲ್ಲಿ ಬಸ್ಸು ಬದಲಾಯಿಸಿ ಮಧುಗಿರಿಗೆ ಬಂದವಳು ಎಂದು ಒಂದೇ ಉಸಿರಿಗೆ ಹೇಳಿ, ಒಳಗೆ ಬಂದು ಕೂತೇಬಿಟ್ಟಳು.

“ಇವತ್ತು ಅಮಾಸೆ ಅಲ್ವಾ, ಹಿರಿಯರಿಗೆ ಎಡೆ ಇಡೋ ದಿನ. ನಮ್ಮತ್ತೆ ಪಕ್ಕದಾಗೆ ರಾಣಿಗೂ ಒಂದೆಲೆ ಹಾಕಣ ಅಂತ. ಪುಸ್ತಕದ ರಟ್ಟು ಕತ್ತರಿಸಿ ಫ್ರೇಮ್ ಹಾಕ್ಸಿವ್ನಿ, ಹಾರಾನೂ ತಂದಿವ್ನಿ. ಆದ್ರೆ ಬದುಕಿರೋರಿಗೆ ಎಡೆ ಇಟ್ರೆ ಪಾಪ ಸುತ್ಕಂತದೆ. ಕಥೆ ಬರಿಯೋರನ್ನ ನಂಬಂಗಿಲ್ಲ ಕಣಮ್ಮ. ಮೂರನೇ ಭಾಗದಾಗೆ ಕರಡಿ ಸತ್ತೋಯ್ತು ಅಂತ ನಾನು ಎರಡು ದಿನ ಅನ್ನ ಬುಟ್ಟಿದ್ದೆ. ನಾಲ್ಕನೇದ್ರಾಗೆ ರೆಕ್ಕೆ ಬಡ್ಕಂಡು ಬಂದ್ಬುಡ್ತು!”

ಲೋಹಿತಾಗೆ ನಗು ಬಂತು, ಅದರ ಹಿಂದೆಯೇ ಸುಸ್ತೂ ಬಂತು. ಹನ್ನೊಂದು ವರ್ಷ. ಶಾಲೆಗೆ ಪಾಠ ಮಾಡಲು ಹೊರಡುವ ಮುಂಚೆ, ಸಾರು ಕುದಿಯುವಾಗ, ಕುಕ್ಕರಿನ ಎರಡು ಕೂಗಿನ ನಡುವೆ ಬರೆದ ಎಂಟು ಭಾಗ. ಒಂಬತ್ತನೆಯದು ಉಂಟೋ ಇಲ್ಲವೋ ಇವತ್ತೇ ತಿಳಿಸಿ ಎಂದು ತುಮಕೂರಿನ ಪ್ರಕಾಶಕರು ಸಂಜೀವಯ್ಯ ಬೆಳಗ್ಗೆಯಿಂದ ಮೂರು ಮೆಸೇಜು ಹಾಕಿದ್ದರು. ಸಾಕಪ್ಪಾ ಸಾಕು ಎನ್ನಿಸಿಯೇ ಅವಳು ರಾಣಿಯನ್ನು ಬೆಟ್ಟದ ತುದಿಯಿಂದ ಕೆಳಗೆ ತಳ್ಳಿದ್ದು.

“ಸತ್ತಿದ್ದಾಳೆ ಕರಿಬಸಮ್ಮ. ನಾನಿನ್ನು ಬರೆಯಲ್ಲ.”

ಕರಿಬಸಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆಮೇಲೆ ಚೀಲದಿಂದ ಪೆನ್ನು, ಚೀಟಿ ತೆಗೆದಳು. “ಆಯ್ತು ಬುಡಿ. ಎಡೆಗೆ ಏನಿಕ್ಲಿ? ನಮ್ಮತ್ತೆಗೆ ಹೊಗೆಸೊಪ್ಪಿನ ಕಡ್ಡಿಪುಡಿ, ನಮ್ಮಾವಂಗೆ ಬೋಂಡ, ಬೀಡಿ. ಅವರವರಿಗೆ ಇಷ್ಟವಾದದ್ದು ಇಕ್ಕಿ, ಬಾಗಿಲು ಮುಚ್ಕಂಡು ಆಚೆ ಕೂತ್ಕಂತೀವಿ. ಒಳಗಿರೋರು ನೆಮ್ಮದಿಯಾಗಿ ಉಣ್ಲಿ, ನಡುವೆ ಯಾರೂ ಕರೀಬಾರ್ದು ಅಂತ. ನಿಮ್ಮ ರಾಣಿಗೆ ಏನಿಷ್ಟ?”

ಲೋಹಿತಾ ಕಪಾಟಿನಿಂದ ಮೊದಲ ಭಾಗ ಎಳೆದು ಪುಟ ಮಗುಚತೊಡಗಿದಳು.

“ಜೇನುತುಪ್ಪ,” ಎಂದ ಅವಳ ಗಂಡ ಪ್ರಭುದೇವ್, ಮೂಲೆಯ ಕುರ್ಚಿಯಲ್ಲಿ ಪೇಪರಿನ ಹಿಂದಿನಿಂದ. “ಲೋಹೀ, ಇನ್ನೊಂದು ರೊಟ್ಟಿ.”

“ಜೇನು ಕರಡಿಗೆ ಸಾರ್! ಮಾಯಾವಿಗೆ ಏಳು ಗಾಡಿ ಕಡ್ಲೇಕಾಯಿ, ಸೇನಾಪತಿಗೆ ಮುದ್ದೆ. ಪುಸ್ತಕದಾಗೆ ಕುದುರೆಗೂ ಹುರುಳಿ ಬೇಯಿಸವ್ರೆ ಮೇಡಂ. ರಾಣಿದು ಮಾತ್ರ ಸಿಕ್ತಿಲ್ಲ, ಅದಕ್ಕೇ ಬಂದೆ.”

ಇಬ್ಬರೂ ಎಂಟು ಪುಸ್ತಕ ಹರಡಿಕೊಂಡು ಹುಡುಕಿದರು. ರಾಣಿ ಮುತ್ತಿಗೆಯ ದಿನ ಇಡೀ ಕೋಟೆಗೆ ಬಡಿಸಿದ್ದಳು. ಗಾಯಗೊಂಡ ಶತ್ರುವಿಗೂ ಗಂಜಿ ಕುಡಿಸಿದ್ದಳು. ತಾನು ಒಂದು ತುತ್ತು ಬಾಯಿಗಿಟ್ಟ ಪುಟ ಎಲ್ಲೂ ಇರಲಿಲ್ಲ.

ಲೋಹಿತಾ ಎದ್ದು ಗಂಡನಿಗೆ ರೊಟ್ಟಿ ಹಾಕಿದಳು, ಕರಿಬಸಮ್ಮನಿಗೂ ಒಂದು ತಂದಳು.

“ನಿಮ್ದಾಯ್ತಾ ಮೇಡಂ?”

“ನನ್ನದಾಯ್ತು, ನೀವು ತಗೊಳ್ಳಿ.”

ಒಲೆಯ ಪಕ್ಕ ಅವಳು ತನಗೆಂದು ಮುಚ್ಚಿಟ್ಟು ಮುಟ್ಟದೇ ಬಿಟ್ಟಿದ್ದ ತಟ್ಟೆ ಕೂತಲ್ಲಿಂದಲೇ ಕಾಣುತ್ತಿತ್ತು. ಕರಿಬಸಮ್ಮ ಅದನ್ನು ನೋಡಿದಳು, ಲೋಹಿತಾಳನ್ನು ನೋಡಿದಳು, ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಇದೇ ಮಾತು! ‘ನನ್ನದಾಯಿತು, ನೀವು ತಗೊಳ್ಳಿ.’ ಐದನೇದ್ರಾಗೂ ಐತೆ, ಏಳನೇದ್ರಾಗೂ ಐತೆ. ಮಹಾ ಸುಳ್ಳಿ ಕಣಮ್ಮ ನಿಮ್ಮ ರಾಣಿ. ನಾನು ನಂಬ್ಬುಟ್ಟಿದ್ದೆ.”

ಲೋಹಿತಾ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಆ ಸಾಲು ಓದಿದಳು. ಬರೆದವಳು ತಾನೇ. ತಾನೂ ನಂಬಿದ್ದಳು.

“ಎಡೆ ಇಡಬೇಡಿ. ಅವಳು ಸತ್ತಿಲ್ಲ.”

“ಈಗ್ತಾನೆ ಸತ್ತವ್ಳೆ ಅಂದ್ರಿ! ಬೆಟ್ಟದಿಂದ ಬಿದ್ದೇಟ್ಗೆ ತಲೆ ಉರುಳ್ಕಂಡು ಹೊಂಡಕ್ಕೆ ಬಿತ್ತು ಅಂತ ಬರ್ದಿದೀರ, ಇನ್ನೂರ ಹದಿನೆಂಟನೇ ಪುಟ.”

“ಅದು ಮಾಯಾವಿಯ ತಲೆ.”

“ಅವನು ಆರನೇ ಭಾಗದಾಗೇ ಹೋದನಲ್ಲ?”

“ಎದ್ದು ಬಂದಿದ್ದ. ನಿಮಗೆ ಹೇಳೋದು ಮರೆತಿದ್ದೆ.”

ಅಷ್ಟು ಹೇಳಿ ಲೋಹಿತಾ ಫೋನು ಎತ್ತಿಕೊಂಡು ಸಂಜೀವಯ್ಯನವರಿಗೆ ಬರೆದಳು: “ಒಂಬತ್ತನೇ ಭಾಗ ಇದೆ. ಮೊದಲ ನಲವತ್ತು ಪುಟ ರಾಣಿ ಊಟ ಮಾಡುತ್ತಾಳೆ.” ಮರುಕ್ಷಣವೇ ಉತ್ತರ ಬಂತು: “ಯುದ್ಧ ಯಾವಾಗ ಮೇಡಂ?” ಲೋಹಿತಾ ಹಿಟ್ಟಿನ ಬೆರಳಲ್ಲೇ ಒತ್ತಿದಳು: “ಕೈ ತೊಳೆದ ಮೇಲೆ.”

ಕರಿಬಸಮ್ಮ ಚೀಲದಿಂದ ಒಂದು ಡಬ್ಬಿ ತೆಗೆದು ಅವಳ ಕೈಗಿಟ್ಟಳು. ಕಡಲೆಬೀಜದ ಉಂಡೆ. “ರಾಣಿಗೆ ಅಂತ ಬೇರೆ ಎತ್ತಿಟ್ಟಿದ್ದೆ. ಬದುಕವ್ಳೆ ಅಂದ್ಮೇಲೆ ಬಿಸಿಬಿಸಿಯಾಗಿ ಏನಾನ ಉಣ್ಲಿ, ಕೊನೇಲಿ ಇದು ತಿನ್ಲಿ.”

ಲೋಹಿತಾ ಒಂದು ಬಿಸಿ ರೊಟ್ಟಿ ಸುಟ್ಟಳು. ಹುಚ್ಚೆಳ್ಳು ಚಟ್ನಿ ಹಾಕಿಕೊಂಡಳು, ಬೆಣ್ಣೆ ಹಾಕಿಕೊಂಡಳು, ಡಬ್ಬಿಯಿಂದ ಎರಡು ಉಂಡೆ ಇಟ್ಟುಕೊಂಡಳು. ತಟ್ಟೆ ಹಿಡಿದು ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು.

“ಲೋಹೀ, ಕಾಫಿ?” ಪ್ರಭುದೇವ್ ಲೋಟ ಹಿಡಿದು ಎದ್ದು ಬಂದು ಬಾಗಿಲಿಗೆ ಕೈ ಹಾಕಿದ.

ಬಸ್ಸಿಗೆ ಹೊತ್ತಾಗಿದ್ದರೂ ಕರಿಬಸಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. “ಸುಮ್ಕಿರಿ ಸಾರ್. ಒಳಗೆ ರಾಣಿ ಉಣ್ತಾವ್ಳೆ. ನಡುವೆ ಕರೀಬಾರ್ದು.”

ಪ್ರಭುದೇವ್ ಖಾಲಿ ಲೋಟ ಹಿಡಿದು ಅಲ್ಲೇ ನಿಂತ. ಒಳಗಿನಿಂದ ಕಡಲೆಬೀಜದ ಉಂಡೆ ಕಟುಂ ಎಂದು ಮುರಿದ ಸದ್ದು ಬಂತು.