ಅರ್ಧ ಬಟ್ಟಲು ಎರೆಮಣ್ಣು

ಎರೆದುಕೊಳ್ಳಲು ಜಡೆ ಬಿಚ್ಚಿ ಕೂತಿದ್ದ ಗುರವ್ವ, ಸೊಸೆ ರುಕ್ಮವ್ವ ತಂದಿಟ್ಟ ಬಟ್ಟಲನ್ನು ನೋಡಿದಳು. ತಲೆಗೆ ಹಚ್ಚಲು ಮಜ್ಜಿಗೆಯಲ್ಲಿ ಕಲಸಲೆಂದು ಕೊಟ್ಟ ಎರೆಮಣ್ಣು ಅರ್ಧಕ್ಕರ್ಧ ಕಡಿಮೆಯಿತ್ತು.

"ಎರಿ ಹೊಲದಾಗ ಹರಳು ಆರಿಸಿ ತಗದು ತಂದ ಮಣ್ಣವ್ವಾ ಅದು. ಯಾರಿಗಿ ಕೊಟ್ಟಿ?"

"ಯಾರಿಗೂ ಇಲ್ರಿ ಅತ್ತಿ." ರುಕ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೊತ್ತಾದರೆ ಓಣಿಯೆಲ್ಲ ನಗುತ್ತದೆಂಬ ಅಂಜಿಕೆಗೆ ಕಣ್ಣು ತುಂಬಿದವು.

ಗುರವ್ವ ಸೆರಗನ್ನು ಮೆಲ್ಲಗೆ ಸರಿಸಿದಳು. ತುಟಿಯಂಚಿಗೆ ಕರಿಮಣ್ಣು ಮೆತ್ತಿತ್ತು.

"ತಿಂದೇನ?"

"ಕಲಸೂ ಮುಂದ ಮಳಿ ಬಿದ್ದಂಗ ವಾಸನಿ ಬಂತ್ರಿ. ತಡಕೊಳ್ಳಾಕ ಆಗಲಿಲ್ಲ."

ತುಟಿ ಒರೆಸುತ್ತಿದ್ದ ಗುರವ್ವನ ಬೆರಳು ಅಲ್ಲೇ ನಿಂತಿತು.

"ಶಿವನ! ಹುಚ್ಚಿ, ನೀ ಬಸರಾಗೀದಿ!"

ಅವಳು ದಡಕ್ಕನೆ ಎದ್ದು, ತಾನು ಕೂತಿದ್ದ ಮಣೆಯ ಮೇಲೆ ಸೊಸೆಯನ್ನು ಕೂರಿಸಿ, ಉಳಿದ ಮಣ್ಣನ್ನು ಅವಳ ತಲೆಗೆ ಹಚ್ಚತೊಡಗಿದಳು.